ಪ್ರಾರ್ಥನೆಯೂ ಕಾವಲೂ: ನೆಹೆಮೀಯ 4ನೇ ಅಧ್ಯಾಯದಿಂದ ಒಂದು ಪಾಠ

ಬೈಬಲ್ ತಂದಿರುವವರು ನೆಹೆಮೀಯನ ಗ್ರಂಥ 4ನೇ ಅಧ್ಯಾಯ ತೆಗೆಯಿರಿ. ಪಕ್ಕದವರಿಗೆ ಸಿಗದಿದ್ದರೆ ತೋರಿಸಿ, ಎಜ್ರ ಆದಮೇಲೆ, ಎಸ್ತೇರಳಿಗೆ ಮುಂಚೆ. ಸಿಕ್ಕಿತಾ? ಸರಿ.

ಇವತ್ತು ನಾನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ನಿಮ್ಮಲ್ಲಿ ಬಹಳ ಜನರಿಗೆ ವಿಷಯ ಗೊತ್ತು, ಆದರೆ ಅರ್ಧ ಗೊತ್ತು. ಉಳಿದ ಅರ್ಧವನ್ನು ನಾನೇ ಹೇಳಬೇಕು.

ನಮ್ಮ ಶುಕ್ರವಾರದ ಪ್ರಾರ್ಥನೆ ರಾತ್ರಿ 7:30ಕ್ಕೆ ಶುರುವಾಗಿ 9 ಗಂಟೆಗೆ ಮುಗಿಯಬೇಕು. ಮುಗಿಯುತ್ತಾ? ಇಲ್ಲ. ಆತ್ಮನ ನಡೆಸುವಿಕೆ ಅಂತ ಹೇಳ್ತೀವಿ. ಕೆಲವು ಸಲ ಅದು ನಿಜ, ಕೆಲವು ಸಲ ನನ್ನ ಮಾತಿನ ಉದ್ದ ಅಷ್ಟೇ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ನಮ್ಮ ಒಬ್ಬ ಅಕ್ಕ ಎರಡು ಸಲ ನನ್ನ ಹತ್ತಿರ ಬಂದು ಕೇಳಿದರು: "ಬ್ರದರ್, ಸ್ವಲ್ಪ ಬೇಗ ಬಿಡಿ. ಆ ಗೋಡೌನ್ ಹಿಂದಿನ ರಸ್ತೇಲಿ ಲೈಟ್ ಇಲ್ಲ. ಇಲ್ಲಾಂದ್ರೆ ಯಾರನ್ನಾದ್ರೂ ಜೊತೆಗೆ ಕಳಿಸಿ." ನಾನು ಏನು ಹೇಳಿದೆ ಗೊತ್ತಾ? ನಗ್ತಾ ಹೇಳಿದೆ, "ಅಕ್ಕ, 91ನೇ ಕೀರ್ತನೆ ಹೇಳ್ಕೊಂಡು ಹೋಗಿ, ದೇವದೂತರೇ ಜೊತೆಗೆ ಬರ್ತಾರೆ." ಸುತ್ತ ನಿಂತಿದ್ದವರು ಆಮೆನ್ ಅಂದರು. ನನಗೂ ಒಳ್ಳೇ ಮಾತು ಹೇಳಿದೆ ಅನ್ನಿಸಿತು.

ಅದಾದ ಮೂರನೇ ಶುಕ್ರವಾರ, ರಾತ್ರಿ ಹತ್ತು ಗಂಟೆ ಹತ್ತಿರ, ಬೈಕಿನಲ್ಲಿ ಬಂದ ಇಬ್ಬರು ಅವರ ಬ್ಯಾಗ್ ಎಳೆದರು. ಬ್ಯಾಗಿನ ಪಟ್ಟಿಯನ್ನು ಕತ್ತಿಗೆ ಅಡ್ಡ ಹಾಕಿಕೊಂಡಿದ್ದರು, ಹಾಗಾಗಿ ಬ್ಯಾಗ್ ಜೊತೆಗೆ ಅವರೂ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬ್ಯಾಗಿನಲ್ಲಿ ಮನೆ ಬಾಡಿಗೆಗೆ ಅಂತ ಎಟಿಎಂನಿಂದ ತೆಗೆದ ದುಡ್ಡು, ಫೋನು, ಬೈಬಲ್ಲು ಇತ್ತು. ಇಎಸ್‌ಐ ಇದ್ದದ್ದಕ್ಕೆ ಚಿಕಿತ್ಸೆ ಆಯಿತು. ಆದರೆ ಹೊಲಿಗೆ ಮಿಷನ್ ಮುಂದೆ ಕೂರುವವರಿಗೆ ಬಲಗೈ ಅಂದರೆ ಏನು ಅಂತ ಈ ಏರಿಯಾದವರಿಗೆ ನಾನು ಹೇಳಬೇಕಾಗಿಲ್ಲ.

ಆಸ್ಪತ್ರೆಗೆ ನೋಡಲು ಹೋದಾಗ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸಿಗೆ ಹಗುರ ಆಗ್ತಿತ್ತು. ಅವರ ಮಗಳು, ಹತ್ತನೇ ಕ್ಲಾಸಿನ ಹುಡುಗಿ, ನನ್ನನ್ನೇ ನೋಡ್ತಾ ಕೇಳಿದಳು, "ಅಂಕಲ್, ಅವತ್ತು ದೇವದೂತರು ರಜಾ ಹಾಕಿದ್ರಾ?" ನನಗೆ ಉತ್ತರ ಬರಲಿಲ್ಲ. ಪ್ರಾರ್ಥನೆ ಮಾಡಿ ಬಂದುಬಿಟ್ಟೆ. ಆ ಪ್ರಶ್ನೆ ಇಟ್ಟುಕೊಂಡೇ ನಾನು ಮತ್ತೆ ನೆಹೆಮೀಯನ ಪುಸ್ತಕ ಓದಿದ್ದು.

ಮೊದಲು 91ನೇ ಕೀರ್ತನೆ ವಿಷಯ ಹೇಳಿಬಿಡ್ತೀನಿ. ಅದು ನಮ್ಮೆಲ್ಲರ ಪ್ರಿಯವಾದ ಕೀರ್ತನೆ, ಎಷ್ಟೋ ಮನೆಗಳ ಬಾಗಿಲ ಮೇಲೆ ಸ್ಟಿಕರ್ ಇದೆ. ಆದರೆ ಆ ಕೀರ್ತನೆಯ ದೇವದೂತರ ವಚನವನ್ನು ಬೈಬಲ್‌ನಲ್ಲಿ ಇನ್ನೊಬ್ಬನೂ ಹೇಳಿದ್ದಾನೆ, ಯಾರು? ಮತ್ತಾಯ 4ನೇ ಅಧ್ಯಾಯ ನೋಡಿ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಆ ವಚನವನ್ನು ತೋರಿಸಿದವನು ಸೈತಾನ. ಯೇಸು ಧುಮುಕಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ಉತ್ತರ ಕೊಟ್ಟನು. ಮೆಟ್ಟಿಲು ಇರುವಾಗ ಮೆಟ್ಟಿಲಿಳಿದೇ ಬರಬೇಕು. ನಾನು ಆ ಅಕ್ಕನಿಗೆ ವಾಕ್ಯ ಕೊಟ್ಟೆ ಅಂದುಕೊಂಡಿದ್ದೆ. ಯಾರ ಹಾಗೆ ವಾಕ್ಯ ಬಳಸಿದೆ ಅಂತ ಆಮೇಲೆ ಗೊತ್ತಾದಾಗ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಈಗ ನೆಹೆಮೀಯ. ಬೈಬಲ್ ಕಾಲೇಜಿನಲ್ಲಿ ನಮಗೆ ಎಜ್ರ, ನೆಹೆಮೀಯ ಎರಡನ್ನೂ ಜೊತೆಗೇ ಕಲಿಸಿದರು, ಯಾಕೆಂದರೆ ಇಬ್ರಿಯ ಬೈಬಲ್‌ನಲ್ಲಿ ಅವು ಒಂದೇ ಪುಸ್ತಕ. ಇಬ್ಬರೂ ಅರ್ತಷಸ್ತ ರಾಜನ ಕಾಲದಲ್ಲಿ ಯೆರೂಸಲೇಮಿಗೆ ಪ್ರಯಾಣ ಮಾಡಿದವರು. ದಾರಿಯುದ್ದಕ್ಕೂ ಕಳ್ಳರ ಭಯ. ಎಜ್ರನು ರಾಜನ ಹತ್ತಿರ ಸೈನಿಕರನ್ನು ಕೇಳಲು ನಾಚಿಕೊಂಡನು, ಉಪವಾಸ ಮಾಡಿ ಹೊರಟನು. ನೆಹೆಮೀಯನ ಜೊತೆ ರಾಜನು ಸೇನಾಪತಿಗಳನ್ನೂ ಕುದುರೆ ಸವಾರರನ್ನೂ ಕಳಿಸಿದನು, ಅವನು ಬೇಡ ಅನ್ನಲಿಲ್ಲ. ಯಾರು ಹೆಚ್ಚು ವಿಶ್ವಾಸಿ? ನಾವು ಎಜ್ರನ ಕಡೆಗೇ ಕೈ ತೋರಿಸ್ತೀವಿ. ಆದರೆ ಎಜ್ರ 8ನೇ ಅಧ್ಯಾಯ ಪೂರ್ತಿ ಓದಿ. ಸೈನಿಕರನ್ನು ಕೇಳದ ಅದೇ ಎಜ್ರನು ಬೆಳ್ಳಿ ಬಂಗಾರವನ್ನು ಹೊರಡುವಾಗ ತೂಕ ಮಾಡಿ ಹನ್ನೆರಡು ಮಂದಿ ಯಾಜಕರ ಕೈಗೆ ಕೊಟ್ಟನು, ಯೆರೂಸಲೇಮಿಗೆ ಮುಟ್ಟಿದ ಮೇಲೆ ಮತ್ತೆ ತೂಕ ಮಾಡಿಸಿ, ಎಣಿಸಿ, ಬರೆಸಿದನು. ಉಪವಾಸವೂ ಇತ್ತು, ತಕ್ಕಡಿಯೂ ಇತ್ತು.

ನಾವು ದರ್ಶನ, ಪ್ರವಾದನೆ ನಂಬುವ ಸಭೆಯವರು. ಹಾಗಾಗಿ ಅಪೊಸ್ತಲರ ಕೃತ್ಯಗಳು 23ನೇ ಅಧ್ಯಾಯ ನಮಗೆ ಬಹಳ ಮುಖ್ಯ. ರಾತ್ರಿ ಕರ್ತನೇ ಪೌಲನ ಹತ್ತಿರ ನಿಂತು, ನೀನು ರೋಮಿನಲ್ಲೂ ಸಾಕ್ಷಿ ಹೇಳಬೇಕು ಅಂದನು. ಅಂದರೆ ಅವನು ಯೆರೂಸಲೇಮಿನಲ್ಲಿ ಸಾಯಲ್ಲ, ಇದಕ್ಕಿಂತ ದೊಡ್ಡ ಗ್ಯಾರಂಟಿ ಬೇಕಾ? ಮರುದಿನ ಬೆಳಿಗ್ಗೆ ನಾಲ್ವತ್ತಕ್ಕಿಂತ ಹೆಚ್ಚು ಜನ ಅವನನ್ನು ಕೊಲ್ಲುವ ತನಕ ಊಟ ಮಾಡಲ್ಲ ಅಂತ ಶಪಥ ಹಾಕಿದರು. ಪೌಲನ ಅಕ್ಕನೋ ತಂಗಿಯೋ, ಆಕೆಯ ಮಗ ಅದನ್ನು ಕೇಳಿಸಿಕೊಂಡು ಓಡಿ ಬಂದು ಹೇಳಿದ. ಪೌಲನು, "ಹೋಗಪ್ಪಾ, ನನಗೆ ದರ್ಶನ ಆಗಿದೆ" ಅಂತ ಹುಡುಗನನ್ನು ವಾಪಸ್ ಕಳಿಸಿದನಾ? ಇಲ್ಲ. ಶತಾಧಿಪತಿಯನ್ನು ಕರೆದು, ಈ ಹುಡುಗನನ್ನು ಸಹಸ್ರಾಧಿಪತಿಯ ಹತ್ತಿರ ಕರೆದುಕೊಂಡು ಹೋಗಿ ಅಂದನು. ಆ ರೋಮನ್ ಅಧಿಕಾರಿ ಹುಡುಗನ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಿದನು, ಯಾರಿಗೂ ಹೇಳಬೇಡ ಅಂತ ಕಳಿಸಿದನು. ಅವತ್ತು ರಾತ್ರಿಯೇ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರು ಪೌಲನ ಜೊತೆ ಹೊರಟರು. ದೇವರ ಮಾತು ನೆರವೇರಿದ್ದು ಹೀಗೆ. ಒಬ್ಬ ಹುಡುಗ ಬಾಯಿಬಿಟ್ಟ, ಒಬ್ಬ ದೊಡ್ಡವನು ನಂಬಿದ, ಒಬ್ಬ ಅಧಿಕಾರಿ ಕೆಲಸ ಮಾಡಿದ. ನಮ್ಮ ಅಕ್ಕ ಎರಡು ಸಲ ಬಾಯಿಬಿಟ್ಟು ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಈಗ 4ನೇ ಅಧ್ಯಾಯಕ್ಕೆ ಬನ್ನಿ. 9ನೇ ವಚನ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಸನ್ಬಲ್ಲಟ, ಟೋಬೀಯ ಎಲ್ಲರೂ ಸೇರಿ ಒಳಸಂಚು ಮಾಡಿದಾಗ ಜನ ದೇವರಿಗೆ ಮೊರೆಯಿಟ್ಟರು, ಮತ್ತು ಹಗಲು ರಾತ್ರಿ ಕಾವಲುಗಾರರನ್ನು ನಿಲ್ಲಿಸಿದರು. ಎರಡೂ ಒಂದೇ ವಚನದಲ್ಲಿದೆ. ಆ "ಮತ್ತು" ಇದೆಯಲ್ಲ, ನನ್ನ ಸೇವೆಯಲ್ಲಿ ಇಷ್ಟು ವರ್ಷ ಅದು ಬಿಟ್ಟುಹೋಗಿತ್ತು.

10ನೇ ವಚನದಲ್ಲಿ ಯೆಹೂದದವರು ಒಂದು ಮಾತು ಹೇಳ್ತಾರೆ. ಕಸ, ಕಲ್ಲುಮಣ್ಣಿನ ರಾಶಿ ಬಹಳ ಇದೆ, ಹೊರುವವರಿಗೆ ಶಕ್ತಿ ಕುಂದಿದೆ ಅಂತ. ಇದು ಶತ್ರುವಿನ ವಿಷಯವಲ್ಲ, ರಾಶಿ ಬಿದ್ದ ಜಾಗದ ವಿಷಯ. ನಮ್ಮಲ್ಲೂ ಅಷ್ಟೇ. ಈ ಪೀಣ್ಯ ಸುತ್ತಮುತ್ತ ಶೆಡ್ಡು, ಗೋಡೌನ್, ಖಾಲಿ ಸೈಟು, ಅಲ್ಲಿ ಕಟ್ಟಡ ಒಡೆದ ಕಲ್ಲುಮಣ್ಣು. ಹಗಲು ಲಾರಿ, ಟೆಂಪೋ, ಜನ ತುಂಬಿರ್ತಾರೆ. ರಾತ್ರಿ ಶಿಫ್ಟ್ ಬಿಟ್ಟ ಮೇಲೆ ಅರ್ಧ ಗಂಟೆ ಗದ್ದಲ, ಆಮೇಲೆ ನಾಯಿಗಳು ಮಾತ್ರ. ನೆಹೆಮೀಯ ಕೆಲಸ ಶುರು ಮಾಡುವ ಮುಂಚೆ ಏನು ಮಾಡಿದ? 2ನೇ ಅಧ್ಯಾಯ. ರಾತ್ರಿ ಎದ್ದು, ಕೆಲವೇ ಜನರನ್ನು ಕರೆದುಕೊಂಡು, ಗೋಡೆ ಎಲ್ಲಿ ಬಿದ್ದಿದೆ ಅಂತ ಸುತ್ತಿ ನೋಡಿದ. ಹಗಲು ನೋಡಿದರೆ ಗೊತ್ತಾಗದ್ದು ರಾತ್ರಿ ಗೊತ್ತಾಗುತ್ತೆ.

ಹೋದ ತಿಂಗಳು ನಾವು ಐದು ಜನ ಹಾಗೇ ಮಾಡಿದೆವು. ಇಬ್ಬರು ಸಹೋದರಿಯರು, ಮೂವರು ಸಹೋದರರು. ಸಹೋದರಿಯರು ಯಾಕೆ ಅಂದರೆ, ಎಲ್ಲಿ ಭಯ ಆಗುತ್ತೆ ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ನಾನು ಹತ್ತು ವರ್ಷದಿಂದ ಓಡಾಡಿದ ರಸ್ತೆಯಲ್ಲಿ ಒಬ್ಬ ತಂಗಿ ನಿಂತು, "ಇಲ್ಲಿಂದ ಅಲ್ಲಿವರೆಗೂ ನಾನು ಫೋನಲ್ಲಿ ಮಾತಾಡೋ ಹಾಗೆ ನಟನೆ ಮಾಡ್ತೀನಿ ಬ್ರದರ್" ಅಂದಳು. ಇನ್ನೊಂದು ಜಾಗದಲ್ಲಿ ಚರಂಡಿ ಮೇಲಿನ ಕಲ್ಲುಚಪ್ಪಡಿ ಇಲ್ಲ, ಹಾಗಾಗಿ ಎಲ್ಲರೂ ರಸ್ತೆ ಮಧ್ಯಕ್ಕೆ ಬಂದು ನಡೀತಾರೆ, ಬೈಕಿನವರಿಗೆ ಕೈಗೆ ಸಿಗೋ ಹಾಗೆ. ಕೆಟ್ಟುಹೋದ ಬೀದಿದೀಪಗಳನ್ನು ಎಣಿಸಿದೆವು, ಏಳು. ಕಂಬದ ಮೇಲೆ ನಂಬರ್ ಇದ್ದ ಕಡೆ ಬರೆದುಕೊಂಡು, ಇಲ್ಲದ ಕಡೆ ಎದುರಿಗಿನ ಅಂಗಡಿ ಹೆಸರು ಬರೆದು, ಪಾಲಿಕೆಗೆ ದೂರು ಕೊಟ್ಟೆವು. ನಾಲ್ಕು ಹತ್ತಿಕೊಂಡಿವೆ. ಮೂರಕ್ಕೆ ಮತ್ತೆ ಹೋಗಬೇಕು, ಬೇಸರ ಮಾಡಿಕೊಳ್ಳಬಾರದು. ಇನ್ನೊಂದು ದೀಪ ಇತ್ತು, ಅದನ್ನು ಪಾಲಿಕೆ ಮೇಲೆ ಹಾಕೋಕೆ ಆಗಲಿಲ್ಲ. ನಮ್ಮ ಪ್ರಾರ್ಥನಾ ಹಾಲಿನ ಮೆಟ್ಟಿಲಿನ ಬಲ್ಬು. ಧರ್ಮೋಪದೇಶಕಾಂಡ 22:8ರಲ್ಲಿ, ಹೊಸ ಮನೆ ಕಟ್ಟಿದವನು ಮಾಳಿಗೆಗೆ ಅಡ್ಡಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ಅಪರಾಧ ಆ ಮನೆಗೆ ಅಂತ ಇದೆ. ಬಿದ್ದವನು ಕಣ್ಣುಬಿಟ್ಟು ನಡೀಬೇಕಾಗಿತ್ತು ಅಂತ ಅಲ್ಲಿ ಬರೆದಿಲ್ಲ.

12ನೇ ವಚನ ನೋಡಿ. ಶತ್ರುಗಳ ಹತ್ತಿರ ವಾಸ ಮಾಡುತ್ತಿದ್ದ ಯೆಹೂದ್ಯರು ಹತ್ತು ಸಲ ಬಂದು ಎಚ್ಚರಿಸಿದರು. ಹತ್ತು ಸಲ! ಒಂದು ಸಲ ಹೇಳಿದರೆ ಯಾರೂ ಕೇಳಲ್ಲ ಅಂತ ಆಗಲೂ ಗೊತ್ತಿತ್ತು ಅಂತ ಕಾಣುತ್ತೆ. ನೆಹೆಮೀಯ ಅದನ್ನು ಕೇಳಿ ಎಲ್ಲಿ ಗೋಡೆ ತಗ್ಗಾಗಿದೆಯೋ ಅಲ್ಲಿ ಕುಟುಂಬ ಕುಟುಂಬವಾಗಿ ನಿಲ್ಲಿಸಿದ. ಇದಕ್ಕೆ ವಿರುದ್ಧವಾದ ಒಂದು ಕಥೆ ಯೆರೆಮೀಯ 40, 41ರಲ್ಲಿದೆ. ಗೆದಲ್ಯ ಒಳ್ಳೇ ಅಧಿಪತಿ. ಇಷ್ಮಾಯೇಲ ನಿನ್ನನ್ನು ಕೊಲ್ಲಲು ಬರ್ತಿದ್ದಾನೆ ಅಂತ ಯೋಹಾನಾನ ಮುಂಚೆಯೇ ಹೇಳಿದ. ಗೆದಲ್ಯ ನಂಬಲಿಲ್ಲ, ನೀನು ಅವನ ಮೇಲೆ ಸುಳ್ಳು ಹೇಳ್ತೀಯ ಅಂದ. ಮಿಚ್ಪದಲ್ಲಿ ಒಟ್ಟಿಗೆ ಊಟ ಮಾಡುತ್ತಿರುವಾಗಲೇ ಅವನನ್ನು ಕೊಂದರು. ಒಳ್ಳೇತನದಲ್ಲಿ ತಪ್ಪಿಲ್ಲ. ಹೇಳಿದ್ದನ್ನು ವಿಚಾರಿಸದೆ ಇದ್ದದ್ದು ತಪ್ಪು.

ಇನ್ನು ತುತ್ತೂರಿ. ಕೆಲಸ ದೊಡ್ಡದು, ಗೋಡೆ ಮೇಲೆ ಜನ ಒಬ್ಬರಿಗೊಬ್ಬರು ದೂರ ದೂರ. ಹಾಗಾಗಿ ತುತ್ತೂರಿ ಊದುವವನನ್ನು ನೆಹೆಮೀಯ ತನ್ನ ಪಕ್ಕದಲ್ಲೇ ಇಟ್ಟುಕೊಂಡ. ಶಬ್ದ ಕೇಳಿದ ಕಡೆಗೆ ಎಲ್ಲರೂ ಓಡಿ ಬರಬೇಕು. ನಮ್ಮ ತುತ್ತೂರಿ ಯಾವುದು? 112. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ, ಎಲ್ಲಕ್ಕೂ ಒಂದೇ ನಂಬರ್. ಫೋನ್ ಮಾಡಿದರೆ ಹೊಯ್ಸಳ ಗಾಡಿ ಬರುತ್ತೆ. ಆದರೆ ಎಲ್ಲಿಗೆ ಬರಬೇಕು ಅಂತ ನೀವು ಹೇಳಬೇಕಲ್ಲ? ಅವತ್ತು ರಾತ್ರಿ ನಮ್ಮ ಅಕ್ಕನನ್ನು ಎತ್ತಿದ ಆಟೋದವರು ಫೋನ್ ಮಾಡಿ, "ಗೋಡೌನ್ ಹಿಂದೆ" ಅಂದರಂತೆ. ಈ ಏರಿಯಾದಲ್ಲಿ ಎಷ್ಟು ಗೋಡೌನ್ ಇದೆ! ನೀವು ದಿನಾ ಓಡಾಡುವ ದಾರಿಯಲ್ಲಿ ಮೂರು ಗುರುತು ಬಾಯಿಪಾಠ ಮಾಡಿ. ಕ್ರಾಸ್ ನಂಬರು, ಒಂದು ಅಂಗಡಿಯ ಬೋರ್ಡು, ಹತ್ತಿರದ ಬಸ್ ಸ್ಟಾಪು. ಮಕ್ಕಳಿಗೂ ಕಲಿಸಿ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಹನ್ನೆರಡು ಗೋತ್ರಗಳ ಹೆಸರು ಬರುತ್ತೆ, ಅಪ್ಪನ ಫೋನ್ ನಂಬರ್ ಬರಲ್ಲ. ಮುಂದಿನ ವಾರ ಕೇಳ್ತೀನಿ, ಅಪ್ಪಂದಿರೇ ತಯಾರಿರಿ.

ಬ್ಯಾಗ್ ಎಳೆದರೆ ಬಿಟ್ಟುಬಿಡಿ, ದಯವಿಟ್ಟು. ಓಡುವ ಬೈಕಿಗೂ ನಿಮ್ಮ ಕುತ್ತಿಗೆಗೂ ಮಧ್ಯೆ ಪಟ್ಟಿ ಇರಬಾರದು. ರಸ್ತೆಯ ಕಡೆಯ ಹೆಗಲಿಗೆ ಹಾಕಬೇಡಿ, ಗೋಡೆಯ ಕಡೆಗೆ ಹಿಡಿದುಕೊಳ್ಳಿ. ಗಾಡಿಗಳು ಎದುರಿನಿಂದ ಬರುವ ಕಡೆ ನಡೆಯಿರಿ, ಬೈಕು ಹಿಂದಿನಿಂದ ಬಂದರೆ ನಿಮಗೆ ಕಾಣಲ್ಲ. ನಮ್ಮ ಸಹೋದರಿಯರು ಚಿನ್ನ ಹಾಕಲ್ಲ, ಹಾಗಾಗಿ ಸರಗಳ್ಳರ ಭಯ ನಮಗಿಲ್ಲ ಅಂತ ತಮಾಷೆ ಮಾಡ್ತಿದ್ದೆವು. ಈಗ ಎಲ್ಲರ ಕೈಯಲ್ಲೂ ಹದಿನೈದು ಇಪ್ಪತ್ತು ಸಾವಿರದ ಫೋನ್ ಇದೆಯಲ್ಲ! ಈಗಲೇ ನಿಮ್ಮ ಫೋನ್ ತೆಗೆಯಿರಿ, ನಾನೇ ಹೇಳ್ತಾ ಇದ್ದೀನಿ, ಇವತ್ತು ಮಾತ್ರ ಅನುಮತಿ. ಡಯಲ್ ಮಾಡುವ ಕಡೆ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿ. 15 ಅಂಕೆಯ ಐಎಂಇಐ ನಂಬರ್ ಬರುತ್ತೆ. ಅದನ್ನು ಬೈಬಲ್‌ನ ಕೊನೆ ಪುಟದಲ್ಲಿ ಬರೆದು, ಆ ಬೈಬಲ್ಲನ್ನು ಮನೆಯಲ್ಲಿಡಿ. ಫೋನ್ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು, ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಈ ನಂಬರ್ ಕೊಟ್ಟು ಆ ಫೋನನ್ನು ಬ್ಲಾಕ್ ಮಾಡಿಸಬಹುದು. ಅಕ್ಕನ ಹತ್ತಿರ ಈ ನಂಬರ್ ಇರಲಿಲ್ಲ. ಫೋನಿನ ಡಬ್ಬ ಹುಡುಕೋಕೆ ನಾಲ್ಕು ದಿನ ಹೋಯಿತು.

ದೂರು ಕೊಡೋಕೆ ಹೆದರಬೇಡಿ. ನಮ್ಮ ಜನ ಸ್ಟೇಷನ್ ಅಂದರೆ ದೂರ ಹೋಗ್ತಾರೆ, ಅದರಲ್ಲೂ ಬಾಡಿಗೆ ಮನೆಯವರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಹೋಗುವುದಕ್ಕೇ 304ನೇ ಕಲಂ ಅಂತ ಬೇರೆ ಇದೆ. ಯಾವ ಸ್ಟೇಷನ್ ವ್ಯಾಪ್ತಿ ಅನ್ನುವ ಪ್ರಶ್ನೆ ಬಂದರೂ ದೂರು ತೆಗೆದುಕೊಳ್ಳಬೇಕು ಅಂತ ಅದರ ಜೊತೆಗೇ ಬಂದ ಇನ್ನೊಂದು ಕಾನೂನು ಹೇಳುತ್ತೆ. ಎಫ್‌ಐಆರ್ ಪ್ರತಿ ದುಡ್ಡು ಕೊಡದೆ ನಿಮಗೆ ಸಿಗಬೇಕು. ಒಬ್ಬರೇ ಹೋಗಬೇಡಿ, ನಮ್ಮಲ್ಲಿ ಯಾರನ್ನಾದರೂ ಕರೆಯಿರಿ.

7ನೇ ಅಧ್ಯಾಯದಲ್ಲಿ ಗೋಡೆ ಮುಗಿದಿದೆ, 52 ದಿನಕ್ಕೆ. ಸಾಮಾನ್ಯವಾಗಿ ನಾವು ಇಲ್ಲಿ ಹಲ್ಲೆಲೂಯ ಅಂತ ಪ್ರಸಂಗ ಮುಗಿಸ್ತೀವಿ. ನೆಹೆಮೀಯ ಏನು ಮಾಡಿದ? ಬಾಗಿಲು ಕಾಯುವವರನ್ನು ನೇಮಿಸಿದ. ಬಿಸಿಲು ಏರುವ ತನಕ ಬಾಗಿಲು ತೆಗೀಬಾರದು, ಕಾವಲುಗಾರರು ನಿಂತಿರುವಾಗಲೇ ಮುಚ್ಚಿ ಅಗುಳಿ ಹಾಕಬೇಕು, ಊರಿನ ನಿವಾಸಿಗಳೇ ಸರದಿ ಪ್ರಕಾರ ಕಾಯಬೇಕು, ಕೆಲವರು ಅವರವರ ಮನೆಯ ಎದುರಿನಲ್ಲಿ. ಯಾಕೆ ಅಷ್ಟು? 4ನೇ ವಚನ: ಪಟ್ಟಣ ದೊಡ್ಡದು, ಜನ ಕಡಿಮೆ. ಗೋಡೆ ಗಟ್ಟಿಯಾಗಿದ್ದರೂ ಪಕ್ಕದ ಮನೆ ಖಾಲಿ ಇದ್ದರೆ ಅಪಾಯವೇ.

ನಮ್ಮ ವಠಾರಗಳಲ್ಲಿ ಜನ ಕಡಿಮೆ ಇಲ್ಲ, ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲ. ಕೆಳಗಡೆ ಮನೆಯವರು ರಾಯಚೂರಿನವರು, ಮೇಲೆ ಒಡಿಶಾದವರು, ಪಕ್ಕದಲ್ಲಿ ತುಮಕೂರಿನವರು. ಎದುರು ಮನೆಯ ಅಜ್ಜಿ ಬೆಳಿಗ್ಗೆ ಎಂಟಕ್ಕೆ ಬಾಗಿಲಿಗೆ ನೀರು ಹಾಕ್ತಾರೆ, ಇವತ್ತು ಹಾಕಿಲ್ಲ ಅಂದರೆ ಯಾರಾದರೂ ಬಾಗಿಲು ತಟ್ಟಬೇಕು. ಊರಿಗೆ ಹಬ್ಬಕ್ಕೋ ಮದುವೆಗೋ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ, ಬೀಟ್ ಪೊಲೀಸರಿಗೂ ಹೇಳಿ. ಸ್ಟೇಟಸ್‌ನಲ್ಲಿ ಬಸ್ ಟಿಕೆಟ್ ಫೋಟೋ ಹಾಕಬೇಡಿ. ಬೀಗದ ಕೈ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಡುವವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸಲ್ಲ, ಎತ್ತಿಸಿದರೆ ಅದೇ ಅಪಾಯ. ಬಾಗಿಲು ತಟ್ಟಿದಾಗ ಚಿಲಕ ತೆಗೆಯುವ ಮುಂಚೆ ಕಿಟಕಿಯಿಂದ ಯಾರು ಅಂತ ಕೇಳುವುದು ಮರ್ಯಾದೆ ಕೆಟ್ಟ ಕೆಲಸವಲ್ಲ. ನಾನು ಬಂದರೂ ಕೇಳಿ.

ಬಾಗಿಲು ಮನೆಗೆ ಮಾತ್ರ ಇರಲ್ಲ, ಫೋನಿಗೂ ಇದೆ. 6ನೇ ಅಧ್ಯಾಯದಲ್ಲಿ ಸನ್ಬಲ್ಲಟ ನಾಲ್ಕು ಸಲ ಕರೆ ಕಳಿಸ್ತಾನೆ, ಓನೋ ಬೈಲಿಗೆ ಬಾ, ಮಾತಾಡೋಣ ಅಂತ. ನಾಲ್ಕು ಸಲವೂ ನೆಹೆಮೀಯ ಒಂದೇ ಉತ್ತರ ಕೊಟ್ಟ. ಐದನೇ ಸಲ ಹೆದರಿಸುವ ಪತ್ರ ಬಂತು. ಆಮೇಲೆ ಶೆಮಾಯ ಅನ್ನುವವನು ಪ್ರವಾದನೆಯ ವೇಷದಲ್ಲಿ ಬಂದ, ಅವನಿಗೆ ದುಡ್ಡು ಕೊಟ್ಟು ಕಳಿಸಿದ್ದರು. ಮೊದಲು ಆಸೆ, ಆಮೇಲೆ ಹೆದರಿಕೆ, ಆಮೇಲೆ ದೇವರ ಹೆಸರು. ಇವತ್ತು ಬರುವ ಕರೆಗಳೂ ಇದೇ ಕ್ರಮದಲ್ಲಿ ಬರುತ್ತವೆ. ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕಾಲ್‌ನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ ಅಂತ ಪೊಲೀಸ್ ಬಟ್ಟೆ ಹಾಕಿದವನು ಹೇಳ್ತಾನೆ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. ಕಟ್ ಮಾಡಿ. ದುಡ್ಡು ನಿಮಗೆ ಬರುವುದಕ್ಕೆ ಯುಪಿಐ ಪಿನ್ ಹಾಕಬೇಕಾಗಿಲ್ಲ, ಪಿನ್ ಕೇಳಿದರೆ ದುಡ್ಡು ಹೋಗ್ತಿದೆ ಅಂತ ಅರ್ಥ. ಹೋಗಿಬಿಟ್ಟಿದ್ದರೆ ಅಳ್ತಾ ಕೂರಬೇಡಿ, ಮನೆಯವರು ಬೈತಾರೆ ಅಂತ ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟು ಬ್ಯಾಂಕಿನಲ್ಲಿ ಆ ದುಡ್ಡು ತಡೆಯುವ ಅವಕಾಶ ಹೆಚ್ಚು. ಇನ್ನೊಂದು, ನನ್ನ ಫೋಟೋ ಹಾಕಿ ಹೊಸ ನಂಬರಿನಿಂದ, "ಸೇವೆಗೆ ತುರ್ತಾಗಿ 5,000 ಬೇಕು" ಅಂತ ಮೆಸೇಜ್ ಬಂದರೆ ಅದು ನಾನಲ್ಲ. ನನ್ನ ಹಳೇ ನಂಬರಿಗೆ ಫೋನ್ ಮಾಡಿ ಧ್ವನಿ ಕೇಳಿ. ಕಾಣಿಕೆ ವಿಷಯವೂ ಹೇಳ್ತೀನಿ. ಇನ್ನು ಮೇಲೆ ಭಾನುವಾರದ ಕಾಣಿಕೆಯನ್ನು ನಾನು ಒಬ್ಬನೇ ಬ್ಯಾಗಿನಲ್ಲಿ ತೆಗೆದುಕೊಂಡು ಹೋಗಲ್ಲ. ಇಬ್ಬರು ಎಣಿಸಿ ಬರೀಬೇಕು, ಇಬ್ಬರು ಒಟ್ಟಿಗೆ ಹೋಗಬೇಕು. ಪೌಲನು ಕೊರಿಂಥದವರ ಕಾಣಿಕೆಗೆ ಜೊತೆಗಾರರನ್ನು ಕಳಿಸಿದ್ದು ಇದಕ್ಕೇ, 2 ಕೊರಿಂಥ 8ರಲ್ಲಿದೆ.

ಈಗ ಕಷ್ಟವಾದ ಮಾತಿಗೆ ಬರ್ತೀನಿ. ನಮ್ಮ ಯುವಕರು ಇಲ್ಲೇ ಕೂತಿದ್ದಾರೆ, ಅವರ ಒಪ್ಪಿಗೆ ಕೇಳಿಯೇ ಹೇಳ್ತಾ ಇದ್ದೀನಿ.

ಬ್ಯಾಗ್ ಘಟನೆ ಆದಮೇಲೆ ಯುವಕರಿಗೆ ರೋಷ ಬಂತು. ಒಳ್ಳೇ ರೋಷವೇ. ಪಕ್ಕದ ಬೀದಿಯ ಹುಡುಗರನ್ನೂ ಸೇರಿಸಿಕೊಂಡು ರಾತ್ರಿ ಗಸ್ತು ಶುರು ಮಾಡಿದರು. ಒಂದು ರಾತ್ರಿ ಹನ್ನೊಂದೂವರೆಗೆ ನನಗೆ ಫೋನು, "ಕಳ್ಳ ಸಿಕ್ಕಿದ್ದಾನೆ, ಬನ್ನಿ." ಹೋಗಿ ನೋಡಿದರೆ ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗ, ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ, ಅಂಗಿ ಹರಿದಿದೆ. ಯಾವ ಊರು ಅಂತ ಕೇಳಿದರೆ ಅವನಿಗೆ ಉತ್ತರ ಕೊಡೋಕೆ ಕನ್ನಡ ಬರ್ತಿಲ್ಲ. "ಕನ್ನಡ ಮಾತಾಡೋ" ಅಂತ ಒಬ್ಬ ಕೆನ್ನೆಗೆ ಹೊಡೆದ. ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಪೈಪು ಇತ್ತು. ಆಮೇಲೆ ಗೊತ್ತಾಯಿತು, ಹುಡುಗ ಒಂದು ಪೌಡರ್ ಕೋಟಿಂಗ್ ಶೆಡ್‌ನಲ್ಲಿ ಕೆಲಸಕ್ಕೆ ಬಂದು ಒಂಬತ್ತು ದಿನ ಆಗಿತ್ತು. ಶಿಫ್ಟ್ ಮುಗಿಸಿ ರೂಮಿನ ದಾರಿ ತಪ್ಪಿದ್ದ, ಪ್ರತಿ ಗೇಟನ್ನೂ ಬಗ್ಗಿ ನೋಡ್ತಿದ್ದ.

ನ್ಯಾಯಸ್ಥಾಪಕರು 12ನೇ ಅಧ್ಯಾಯ ನೆನಪಿದೆಯಾ? ಗಿಲ್ಯಾದ್ಯರು ಯೊರ್ದನ್ ಹೊಳೆ ದಾಟುವ ಕಡೆ ಕಾವಲು ನಿಂತರು. ದಾಟಲು ಬಂದವನಿಗೆ ಒಂದು ಪದ ಹೇಳು ಅನ್ನೋರು, ಷಿಬ್ಬೋಲೆತ್. ಎಫ್ರಾಯೀಮ್ಯರ ನಾಲಿಗೆಗೆ ಆ ಅಕ್ಷರ ಬರಲ್ಲ, ಸಿಬ್ಬೋಲೆತ್ ಅನ್ನೋರು. ಹಿಡಿದು ಅಲ್ಲೇ ಕೊಲ್ಲೋರು. 42,000 ಜನ. ಅವರೂ ಕಾವಲೇ ನಿಂತಿದ್ದರು ಪ್ರಿಯರೇ. ಕಾವಲು ಅನ್ನೋದು ಹೀಗೂ ಆಗಬಹುದು.

ಇದು ಹಳೇ ಒಡಂಬಡಿಕೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಸುಳ್ಳು ಸುದ್ದಿ ಹರಡಿದ್ದು ನಿಮಗೆ ನೆನಪಿರಬಹುದು. ಆ ಮೇ ತಿಂಗಳಲ್ಲಿ ಇದೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಜನ ಕಟ್ಟಿಹಾಕಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅವನ ಗುಂಪಿನವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ಹೊಡೆದವರೆಲ್ಲ ತಮ್ಮ ಮಕ್ಕಳನ್ನು ಕಾಪಾಡ್ತಿದ್ದೇವೆ ಅಂದುಕೊಂಡವರೇ. ಅದೇ ತಿಂಗಳು ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ಮಿತಿ ಹಾಕಿತು. ಕಂಪನಿ ಮಿತಿ ಹಾಕಬೇಕಾಯಿತು, ನಾವೇ ನಮ್ಮ ಬೆರಳಿಗೆ ಹಾಕಿಕೊಳ್ಳಲಿಲ್ಲ.

ಅವತ್ತು ರಾತ್ರಿ ಆ ಹುಡುಗನಿಗೆ ನೀರು ಕೊಟ್ಟು, ಅವನ ಸೂಪರ್‌ವೈಸರ್‌ಗೆ ಫೋನ್ ಮಾಡಿ, ರೂಮಿಗೆ ಬಿಟ್ಟು ಬಂದೆವು. ಹೊಡೆದ ಹುಡುಗ ಮರುದಿನ ಹೋಗಿ ಕ್ಷಮೆ ಕೇಳಿ, ಹೊಸ ಅಂಗಿ ಕೊಟ್ಟು ಬಂದ. ಗಸ್ತು ನಿಲ್ಲಿಸಿದ್ದೇವೆ. ಅದರ ಬದಲು ಏನು ಅಂದರೆ, ಅನುಮಾನ ಬಂದರೆ ದೂರದಿಂದ ನೋಡಿ, 112ಕ್ಕೆ ಹೇಳಿ, ಕೈ ಮುಟ್ಟಿಸಬೇಡಿ. ಖಚಿತವಾಗಿ ಗೊತ್ತಿಲ್ಲದ ಫೋಟೋ, ಆಡಿಯೋ ಸಭೆಯ ಗ್ರೂಪಿಗೆ ಹಾಕಬೇಡಿ. ಹಾಕಿದರೆ ನಾನು ಡಿಲೀಟ್ ಮಾಡ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಹೊಸಬರು ಬೀದಿಗೆ ಬಂದರೆ ಮೊದಲ ವಾರವೇ ಹೋಗಿ ಹೆಸರು ಕೇಳಿ, ಹಿಂದಿಯೋ ಕೈಸನ್ನೆಯೋ. ಹೆಸರು ಗೊತ್ತಿರುವವನ ಮೇಲೆ ಯಾರೂ ಪೈಪ್ ಎತ್ತಲ್ಲ.

ಇನ್ನು ಒಂದೇ ಮಾತು, ಚಿಕ್ಕದಾಗಿ ಹೇಳಿದರೂ ಇದು ಚಿಕ್ಕ ವಿಷಯವಲ್ಲ. ಅಪಾಯ ಎಲ್ಲಾ ಕತ್ತಲೆ ರಸ್ತೆಯಿಂದಲೇ ಬರಲ್ಲ. 2 ಸಮುವೇಲ 13ರಲ್ಲಿ ತಾಮಾರಳಿಗೆ ಅನ್ಯಾಯ ಆದದ್ದು ಮನೆಯೊಳಗೆ, ಸ್ವಂತ ಮನೆಯವನಿಂದ. ಅಣ್ಣ ಅಬ್ಷಾಲೋಮ ಅವಳಿಗೆ ಸುಮ್ಮನಿರು ಅಂದ. ಅಪ್ಪ ದಾವೀದ ಕೋಪಗೊಂಡ, ಏನೂ ಮಾಡಲಿಲ್ಲ. ಸಭೆಯಲ್ಲೂ ಹೀಗೆ ಆಗಬಾರದು. ಇವತ್ತಿನಿಂದ ಸಂಡೇ ಸ್ಕೂಲ್ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಯಾವ ಮಗುವಿಗೂ ಒಂಟಿಯಾಗಿ ಪ್ರಾರ್ಥನೆ, ಕೌನ್ಸೆಲಿಂಗ್ ಇಲ್ಲ, ನಾನು ಮಾಡುವುದಾದರೂ ಇಲ್ಲ. ಮಗು ಏನಾದರೂ ಹೇಳಿದರೆ ನಂಬಿ, 1098ಕ್ಕೋ 112ಕ್ಕೋ ಹೇಳಿ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದೆ ಇರುವುದೇ ಅಪರಾಧ. ಸಭೆಯ ಹೆಸರು ಕೆಡುತ್ತೆ ಅಂತ ಹಿರಿಯರು ಕೂತು ರಾಜಿ ಮಾಡುವ ಪದ್ಧತಿ ನಮ್ಮಲ್ಲಿ ಇರಲ್ಲ. ಗಂಡ ಹೊಡೆಯುವ ಮನೆಯ ಸಹೋದರಿಯರಿಗೂ ಹೇಳ್ತೀನಿ, 181 ಮಹಿಳಾ ಸಹಾಯವಾಣಿ. ಪ್ರಾರ್ಥಿಸಿ ಸಹಿಸಿಕೊಳ್ಳಿ ಅಂತ ನಾನು ಹಿಂದೆ ಯಾರಿಗಾದರೂ ಹೇಳಿದ್ದರೆ, ದಯವಿಟ್ಟು ಬಂದು ನನ್ನನ್ನು ಕಾಣಿ. ನನ್ನ ಹೆಂಡತಿಯೂ ಜೊತೆಯಲ್ಲಿರ್ತಾಳೆ.

ಇದೆಲ್ಲಾ ಮಾಡಿದ ಮೇಲೆ ನಮಗೆ ಏನೂ ಆಗಲ್ಲ ಅಂತ ನಾನು ಮಾತು ಕೊಡ್ತಾ ಇಲ್ಲ. 127ನೇ ಕೀರ್ತನೆ ಇದೆಯಲ್ಲ, ಕರ್ತನು ಕಾಯದಿದ್ದರೆ ಕಾವಲುಗಾರ ಎಚ್ಚರವಾಗಿರುವುದು ವ್ಯರ್ಥ ಅನ್ನುವ ಅರ್ಥದ ಮಾತು ಅಲ್ಲಿದೆ. ಅಲ್ಲೂ ಕಾವಲುಗಾರನಿಗೆ ಮನೆಗೆ ಹೋಗಿ ಮಲಗು ಅಂತ ಹೇಳಿಲ್ಲ.

ಆ ಅಕ್ಕನ ಪ್ಲಾಸ್ಟರ್ ತೆಗೆದಿದ್ದಾರೆ. ಕೈ ಇನ್ನೂ ಪೂರ್ತಿ ಮಡಚೋಕೆ ಆಗಲ್ಲ. ನಾನು ಮನೆಗೆ ಹೋಗಿ, ಅವರ ಮಗಳ ಮುಂದೆಯೇ ಕ್ಷಮೆ ಕೇಳಿದೆ. ಭಾನುವಾರ ಬರ್ತಾರೆ, ಶುಕ್ರವಾರ ಇನ್ನೂ ಬಂದಿಲ್ಲ. ನಾನು ಬನ್ನಿ ಅಂತ ಒತ್ತಾಯ ಮಾಡಿಲ್ಲ, ನೀವೂ ಮಾಡಬೇಡಿ.

ಈ ಶುಕ್ರವಾರದಿಂದ ಪ್ರಾರ್ಥನೆ ಸಂಜೆ 6:30ಕ್ಕೆ. 8 ಗಂಟೆಗೆ ಮುಗಿಯುತ್ತೆ. ನಾನು ಇನ್ನೂ ಮಾತಾಡ್ತಿದ್ದರೆ ಹಿಂದೆ ಕೂತಿರುವ ನಮ್ಮ ಹಿರಿಯರು ಎದ್ದು ನಿಲ್ಲಬೇಕು, ಅದೇ ನಮ್ಮ ತುತ್ತೂರಿ. ಬಾಗಿಲ ಹತ್ತಿರ ಒಂದು ಹಾಳೆ ಅಂಟಿಸಿದ್ದೇವೆ. ಯಾರು ಯಾವ ದಾರಿಯಲ್ಲಿ ಹೋಗ್ತೀರಿ ಅಂತ ಹೆಸರು ಬರೆಯಿರಿ, ಒಂದೇ ದಾರಿಯವರು ಒಟ್ಟಿಗೆ ಹೊರಡಿ, ಕೊನೇ ಮನೆಯವರು ಮುಟ್ಟಿದ ಮೇಲೆ ಗ್ರೂಪಿನಲ್ಲಿ "ಮುಟ್ಟಿದೆವು" ಅಂತ ಹಾಕಿ. ಗೋಡೌನ್ ಹಿಂದಿನ ರಸ್ತೆಯ ಸಾಲಿನಲ್ಲಿ ಮೊದಲ ಹೆಸರು ನಾನು ಬರೆದಿದ್ದೇನೆ, ನನ್ನ ಮನೆ ಆ ಕಡೆ ಇಲ್ಲದಿದ್ದರೂ. ಇನ್ನೂ ಇಬ್ಬರು ಸಹೋದರರು ಬೇಕು. ಯಾರು ಬರ್ತೀರಿ, ಕೈ ಎತ್ತಿ.

ಸರಿ. ಈಗ ಎದ್ದು ನಿಲ್ಲೋಣ. ರಾತ್ರಿ ಶಿಫ್ಟ್‌ನಲ್ಲಿರುವವರಿಗೋಸ್ಕರ, ಬೀಟ್‌ನಲ್ಲಿರುವ ಪೊಲೀಸರಿಗೋಸ್ಕರ, ಆ ಬೈಕಿನ ಇಬ್ಬರು ಹುಡುಗರಿಗೋಸ್ಕರವೂ ಪ್ರಾರ್ಥಿಸೋಣ.